ಚನ್ನಪಟ್ಟಣದ ಆಟಿಕೆ: ಮಗುವಿನ ಕೈಗೆ ಯಾವುದು, ಶೋಕೇಸಿಗೆ ಯಾವುದು

ಬೆಂಗಳೂರಿನ ಮನೆಗಳಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಬಂತೆಂದರೆ ನೆಂಟರಲ್ಲಿ ಒಬ್ಬರಾದರೂ ಚನ್ನಪಟ್ಟಣದ ಮರದ ಆಟಿಕೆ ತಂದೇ ತರುತ್ತಾರೆ. ಅದರಲ್ಲಿ ಅರ್ಧ ಶೋಕೇಸು ಸೇರುತ್ತದೆ, ಇನ್ನರ್ಧ ನಾಲ್ಕು ದಿನದ ಆಟ ಮುಗಿಸಿ ಮಂಚದಡಿಗೆ ಹೋಗುತ್ತದೆ. ವಯಸ್ಸಿಗೆ ಹೊಂದದ್ದನ್ನು ತಂದಿರುತ್ತಾರೆ, ಇಲ್ಲವೇ ತಂದದ್ದನ್ನು ಇಟ್ಟುಕೊಂಡು ಮಗುವಿನ ಜೊತೆ ಏನಾಡಬೇಕೆಂದು ಮನೆಯ ದೊಡ್ಡವರಿಗೆ ಯಾರೂ ಹೇಳಿರುವುದಿಲ್ಲ. ಆಟಿಕೆ ಕೊಟ್ಟು ಮಗುವನ್ನು ಒಂದು ಮೂಲೆಯಲ್ಲಿ ಕೂರಿಸುವುದಾದರೆ ಮರವಾದರೇನು, ಪ್ಲಾಸ್ಟಿಕ್ ಆದರೇನು. ಅಜ್ಜಿ, ತಾತ, ಅಪ್ಪ, ಅಮ್ಮ, ಅಕ್ಕ ಎಲ್ಲರೂ ನೆಲದ ಮೇಲೆ ಕೂತು ಜೊತೆಗೆ ಆಡಲು ಬರುವಂಥದ್ದು ಯಾವುದು ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು, ಒಂದರಿಂದ ಆರು ವರ್ಷದ ಮಕ್ಕಳಿರುವ ಮನೆಗಾಗಿ ಬರೆದ ವಿಮರ್ಶೆ ಇದು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ರಿಂಗ್ ಸೆಟ್, ಕೋಲಿನಿಂದ ತಳ್ಳುವ ಗಾಡಿ, ಮಣಿ ಚೌಕಟ್ಟು, ಬೆರಳ ಬುಗುರಿ, ಅಳಗುಳಿ ಮಣೆ: ಇವಿಷ್ಟನ್ನು ಧೈರ್ಯವಾಗಿ ಕೊಳ್ಳಬಹುದು. ಅಡುಗೆ ಸೆಟ್ಟು ಮೂರು ವರ್ಷ ತುಂಬಿದ ಮೇಲೆ. ಚಪ್ಪಟೆ ಹಲಗೆಯ ಅಕ್ಷರಮಾಲೆ, ಕಣ್ಣು ಮೀಸೆ ಬರೆದ ರಾಜ ರಾಣಿಯರು ಆಡುವ ಮಗುವಿಗೆ ಬೇಡ.

ಅರಗು ಹಿಡಿಯುವುದು ದುಂಡನೆಯದಕ್ಕೆ

ಅಂಗಡಿಗೆ ಹೋಗುವ ಮೊದಲು ಈ ಒಂದು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ಚನ್ನಪಟ್ಟಣದ ಕಸುಬು ಪೂರ್ತಿ ನಿಂತಿರುವುದು ಲೇತಿನ ಮೇಲೆ. ಚೆನ್ನಾಗಿ ಒಣಗಿಸಿದ ಹಾಲೆ ಮರದ ತುಂಡನ್ನು (ಆಲೆ ಮರ ಎಂದೂ ಹೇಳುತ್ತಾರೆ) ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾ ಉಳಿಯಿಂದ ರೂಪ ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಅದರ ಮೇಲೆ ತಾಳೆಗರಿಯ ತುಂಡನ್ನು ಒತ್ತಿದಾಗ ಅರಗು ಸಮನಾಗಿ ಹರಡಿ ಹೊಳಪೇರುತ್ತದೆ. ಬ್ರಶ್ಶಿಲ್ಲ, ಥಿನ್ನರ್ ಇಲ್ಲ, ಒಣಗಲಿ ಎಂದು ಕಾಯುವುದೂ ಇಲ್ಲ. ಹಾಲೆ ಮರ ಬೆಳ್ಳಗೆ, ಹಗುರ, ಎಳೆ ಒತ್ತಾಗಿ ಇರುವುದರಿಂದ ಉಳಿ ತಾಗಿದರೂ ಸಿಬಿರೇಳುವುದಿಲ್ಲ; ಮಕ್ಕಳ ಬೆರಳಿಗೆ ಇದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ. ಈಗ ಹಲವು ಕಡೆ ರಬ್ಬರ್ ಮರ, ಸಿಲ್ವರ್ ಓಕ್ ಕೂಡ ಬಳಸುತ್ತಾರೆ. ಅವು ಕೆಟ್ಟವೇನಲ್ಲ, ತೂಕ ಸ್ವಲ್ಪ ಹೆಚ್ಚು.

ಈಗ ಯೋಚಿಸಿ: ಮರ ತಿರುಗಿದರೆ ಮಾತ್ರ ಬಿಸಿ, ಬಿಸಿಯಾದರೆ ಮಾತ್ರ ಅರಗು. ಅಂದಮೇಲೆ ಬಳೆ, ಚೆಂಡು, ಮಣಿ, ಬುಗುರಿ, ಚಕ್ರ, ಮೊಟ್ಟೆಯಾಕಾರದ ಗೊಂಬೆ ಇಂಥ ದುಂಡನೆಯ ಭಾಗಗಳಿಗೇ ಅರಗು ಹಿಡಿಸಲು ಸಾಧ್ಯ. ಗರಗಸದಲ್ಲಿ ಕೊಯ್ದ ಚಪ್ಪಟೆ ಆನೆ, ಚೌಕದ ಬ್ಲಾಕು, ಅಕ್ಷರದ ಹಲಗೆ, ಜೋಡಿಸುವ ಚಿತ್ರ, ಇವುಗಳ ಮೇಲಿರುವುದು ಬ್ರಶ್ಶಿನಿಂದಲೋ ಸ್ಪ್ರೇಯಿಂದಲೋ ಹಚ್ಚಿದ ಪೇಂಟು. ಗೊಂಬೆಯ ಕಣ್ಣು, ಹುಬ್ಬು, ಮೀಸೆ, ಸೀರೆಯ ಅಂಚು ಕೂಡ ಹಾಗೆಯೇ. ಅಂಗಡಿಯವರು ‘ಎಲ್ಲಾ ಅರಗಿಂದೇ ಸಾರ್’ ಎಂದರೂ ಚಪ್ಪಟೆ ಆಟಿಕೆಯ ವಿಷಯದಲ್ಲಿ ಆ ಮಾತನ್ನು ನಂಬಬೇಡಿ. ಬಾಯಿಗೆ ಇಡುವ ವಯಸ್ಸಿನ ಮಗುವಿಗೆ, ಅಂದರೆ ಸುಮಾರು ಎರಡು ವರ್ಷದವರೆಗೆ, ಪೂರ್ತಿ ದುಂಡನೆಯ ಭಾಗಗಳಿರುವ ಆಟಿಕೆಯನ್ನೇ ಆರಿಸಿ.

ಅರಗು ನೀರಿಗೂ ಜೊಲ್ಲಿಗೂ ಕರಗುವುದಿಲ್ಲ. ಶುದ್ಧ ಮಾಡಿದ ಅರಗನ್ನು ಮಾತ್ರೆ, ಮಿಠಾಯಿಗಳ ಹೊಳಪಿಗೂ ಬಳಸುತ್ತಾರೆ. ಹಾಗಾಗಿ ಚಿಂತೆ ಇರಬೇಕಾದ್ದು ಅದಕ್ಕೆ ಬೆರೆಸಿದ ಬಣ್ಣದ ಬಗ್ಗೆ. ಅರಿಶಿನದ ಹಳದಿ, ನೀಲಿ ಗಿಡದ ನೀಲಿ, ಇವೆರಡು ಬೆರೆತ ಹಸಿರು, ಕುಂಕುಮದಂಥ ಕೇಸರಿ, ಕಾಚಿನ ಕಂದು: ಗಿಡಮೂಲದ ಬಣ್ಣಗಳು ಸ್ವಲ್ಪ ಮೆತ್ತಗೆ ಕಾಣುತ್ತವೆ. ಕಣ್ಣು ಕುಕ್ಕುವ ಗುಲಾಬಿ, ಗಿಳಿಹಸಿರು, ಮಿಂಚುವ ಕಿತ್ತಳೆ ಕಂಡರೆ ಅದು ಗಿಡದಿಂದ ಬಂದದ್ದಲ್ಲ. ಗೃಹಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂದು ನಮ್ಮಲ್ಲಿ 2017ರ ನವೆಂಬರಿನಿಂದ ಕಾನೂನಿದೆ. ಆದರೆ ಹೆಸರಿಲ್ಲದ ಡಬ್ಬಿಯ ಬಣ್ಣದಲ್ಲಿ ಏನಿದೆಯೆಂದು ಕಣ್ಣಳತೆಯಲ್ಲಿ ಹೇಳಲಾಗದು. ಬಾಯಿಗೆ ಹೋಗುವ ಆಟಿಕೆಗೆ ಮೆತ್ತನೆಯ ಬಣ್ಣವೇ ಇರಲಿ ಎನ್ನುವುದು ಅದಕ್ಕೇ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗಿದೆ. ಬಿಳಿ ಕರವಸ್ತ್ರದ ತುದಿ ಒದ್ದೆ ಮಾಡಿ ಆಟಿಕೆಯ ಒಂದೇ ಜಾಗವನ್ನು ಇಪ್ಪತ್ತು ಸಲ ಉಜ್ಜಿ, ಬಣ್ಣ ಹತ್ತಬಾರದು. ಮೂಸಿ ನೋಡಿ, ಥಿನ್ನರ್ ವಾಸನೆ ಬಂದರೆ ಕೆಳಗಿಡಿ. ಬೆಳಕಿಗೆ ಹಿಡಿದರೆ ಅರಗಿನ ತೆಳು ಬಣ್ಣದಡಿ ಮರದ ಎಳೆ ಅಲ್ಲಲ್ಲಿ ಇಣುಕುತ್ತದೆ, ಪೇಂಟಿನಡಿ ಏನೂ ಕಾಣುವುದಿಲ್ಲ. ಎರಡು ಭಾಗ ಸೇರುವ ಸಂದಿಯಲ್ಲಿ ಬಣ್ಣ ಹನಿಗಟ್ಟಿದ್ದರೆ ಅದೂ ಪೇಂಟೇ. ಕೆಲವರು ಸ್ಪಿರಿಟ್ ಹಚ್ಚಿ ಪರೀಕ್ಷಿಸುತ್ತಾರೆ. ಅದು ತಪ್ಪು ದಾರಿ. ಅಸಲಿ ಅರಗು ಸ್ಪಿರಿಟ್ಟಿಗೆ ಕರಗಿ ಬಣ್ಣ ಬಿಡುತ್ತದೆ, ನೀವು ಒಳ್ಳೆಯದನ್ನೇ ನಕಲಿ ಎಂದುಕೊಂಡು ಬಿಟ್ಟು ಬರುತ್ತೀರಿ.

ಐಎಸ್‌ಐ ಗುರುತು ಕಾಣದಿದ್ದರೆ ಗಾಬರಿ ಬೇಡ. ಆಟಿಕೆಗಳಿಗೆ ಆ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿದ ಆಟಿಕೆಗೂ, ಜಿಐ ಟ್ಯಾಗ್ (ಊರಿನ ಹೆಸರಿನ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಗುರುತು) ಇರುವ ಉತ್ಪನ್ನದ ಅಧಿಕೃತ ಬಳಕೆದಾರರಿಗೂ ಅದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಜಿಐ ಸಿಕ್ಕಿದ್ದು 2005-06ರಲ್ಲಿ. ವಿನಾಯಿತಿ ಇದೆ ಎಂದಮೇಲೆ ಪರೀಕ್ಷೆಯ ಹೊಣೆ ಕೊಳ್ಳುವವರ ಮೇಲೆ ಬಿತ್ತು ಎಂದೇ ತಿಳಿಯಿರಿ.

ಗಾತ್ರದ ಪರೀಕ್ಷೆಯನ್ನಂತೂ ಯಾರೂ ಬಿಡಬಾರದು. ರಟ್ಟಿನ ಹಾಳೆಯನ್ನು ಸುರುಳಿ ಸುತ್ತಿ ಒಳಗಿನ ಅಗಲ 3.2 ಸೆಂ.ಮೀ., ಉದ್ದ 5.7 ಸೆಂ.ಮೀ. ಇರುವ ಕೊಳವೆ ಮಾಡಿಕೊಳ್ಳಿ. ಆಟಿಕೆ ಪರೀಕ್ಷಿಸುವ ಲ್ಯಾಬುಗಳ ಕೊಳವೆಯೂ ಹೆಚ್ಚುಕಡಿಮೆ ಇದೇ ಅಳತೆಯದು, ಅಲ್ಲಿ ತಳ ಓರೆಯಾಗಿರುತ್ತದೆ ಅಷ್ಟೇ. ಯಾವ ಭಾಗ ಪೂರ್ತಿ ಅದರೊಳಗೆ ಇಳಿಯುತ್ತದೋ ಅದು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೂ ಇಳಿಯಬಲ್ಲದು. ಸಡಿಲವಾಗಿ ಕಿತ್ತು ಬರಬಹುದಾದ ಚಕ್ರ, ಗುಬುಟು, ಮಣಿ ಎಲ್ಲಕ್ಕೂ ಈ ಪರೀಕ್ಷೆ ಅನ್ವಯ. ಮನೆಗೆ ತಂದ ದಿನ ಪ್ರತಿ ಸಂದಿಯನ್ನೂ ಎರಡೂ ಕೈಯಿಂದ ಜಗ್ಗಿ ನೋಡಿ. ಮೊಳೆ ಹೊಡೆದು ಕೂರಿಸಿದ ಚಕ್ರಕ್ಕಿಂತ ಮರದ ಗೂಟ ಹಾಕಿ ಅಂಟಿಸಿದ ಚಕ್ರ ಮೇಲು.

ರಿಂಗ್ ಸೆಟ್

ಒಂದೇ ಒಂದು ಆಟಿಕೆ ತರುವುದಿದ್ದರೆ ಇದನ್ನು ತನ್ನಿ. ಐದರಿಂದ ಏಳು ಬಳೆ, ನಡುವೆ ಒಂದು ಗೂಟ, ಕೆಳಗೆ ಪೀಠ. ಬಳೆಗಳೆಲ್ಲ ಲೇತಿನಲ್ಲಿ ತಿರುಗಿಸಿದವು, ಅರಗಿನ ಕೆಲಸ ನೋಡಬೇಕೆಂದರೆ ಇಲ್ಲಿ ನೋಡಬೇಕು. ಎಲ್ಲಕ್ಕಿಂತ ಚಿಕ್ಕ ಬಳೆಯ ಹೊರ ಅಗಲ 4.5 ಸೆಂ.ಮೀ.ಗಿಂತ ಹೆಚ್ಚಿರಲಿ. ಪೀಠ ಚಪ್ಪಟೆಯಾಗಿದ್ದು ಅಲ್ಲಾಡದಿರಲಿ. ಅಂಗಡಿಯ ಗಾಜಿನ ಮೇಲಿಟ್ಟು ಮೂಲೆ ಒತ್ತಿದರೆ ಗೊತ್ತಾಗುತ್ತದೆ.

ಗೂಟದಲ್ಲಿ ಎರಡು ಬಗೆ. ಮೇಲಕ್ಕೆ ಹೋಗುತ್ತಾ ಸಣ್ಣಗಾಗುವ ಗೂಟಕ್ಕೆ ಕ್ರಮ ತಪ್ಪಿದರೆ ಬಳೆ ಇಳಿಯುವುದೇ ಇಲ್ಲ. ಉದ್ದಕ್ಕೂ ಒಂದೇ ದಪ್ಪದ ಗೂಟಕ್ಕೆ ಯಾವ ಬಳೆಯನ್ನು ಯಾವಾಗ ಬೇಕಾದರೂ ಹಾಕಬಹುದು. ನಮ್ಮ ಶಿಫಾರಸು ಎರಡನೆಯದು. ದೊಡ್ಡ ಬಳೆ ಮೇಲೆ ಬಂದಾಗ ಗೋಪುರ ಸೊಟ್ಟ ಕಾಣುತ್ತದೆ, ಮಗು ತಾನೇ ನೋಡಿ ತೆಗೆದು ಹಾಕುತ್ತದೆ. ಮೊದಲ ಬಗೆಯಲ್ಲಿ ಗೂಟವೇ ತಡೆಯುವುದರಿಂದ ಮಗು ನೋಡುವ ಕೆಲಸ ಬಿಟ್ಟು ಬಲವಂತವಾಗಿ ಒತ್ತಲು ಶುರುಮಾಡುತ್ತದೆ.

ದೊಡ್ಡವರು ಇಲ್ಲಿ ಅವಸರ ಮಾಡುವುದೇ ಹೆಚ್ಚು. ಒಂದು ವರ್ಷದ ಆಸುಪಾಸಿನಲ್ಲಿ ಮಗುವಿಗೆ ಬಳೆ ತೆಗೆಯುವುದಷ್ಟೇ ಬರುತ್ತದೆ. ಹಾಕುವುದು ಅದಾದ ಕೆಲವು ತಿಂಗಳಿಗೆ. ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ ಜೋಡಿಸುವುದು ಎರಡೂವರೆ, ಮೂರು ವರ್ಷದ ಕೆಲಸ. ಆದ್ದರಿಂದ ಮೊದಲು ನೀವು ಹಾಕಿ, ಮಗು ತೆಗೆಯಲಿ. ಮಗುವಿಗೆ ಅದೇ ಆಟ. ಆಮೇಲೆ ಎರಡೇ ಬಳೆ ಕೊಡಿ, ಅತಿ ದೊಡ್ಡದು ಮತ್ತು ಅತಿ ಚಿಕ್ಕದು. ‘ದೊಡ್ಡದು ಕೊಡು ಕಂದ’ ಎಂದು ಅಜ್ಜಿ ಕೈ ಚಾಚಬೇಕು, ಕಾಯಬೇಕು. ಮನಸ್ಸಿನಲ್ಲೇ ಹತ್ತು ಎಣಿಸುವವರೆಗೆ ಮತ್ತೆ ಮಾತಾಡಬಾರದು. ಮಗುವಿಗೆ ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಕೈ ಮುಂದೆ ಬರಲು ಅಷ್ಟು ಹೊತ್ತು ಬೇಕು. ನಡುವೆಯೇ ‘ಅದಲ್ಲ, ಇದು, ಇದು’ ಎಂದರೆ ಮಗು ಬಳೆ ಬಿಟ್ಟು ನಿಮ್ಮ ಮುಖ ನೋಡುತ್ತಾ ಕೂರುತ್ತದೆ. ತಪ್ಪು ಬಳೆ ಕೊಟ್ಟರೆ ತೆಗೆದುಕೊಂಡು ‘ಓ, ಇದು ಚಿಕ್ಕದು’ ಎಂದು ಹೆಸರು ಹೇಳಿ ಪಕ್ಕಕ್ಕಿಡಿ, ಮತ್ತೆ ಕೈ ಚಾಚಿ. ಎರಡರಲ್ಲಿ ತಡವರಿಸದೆ ಕೊಡತೊಡಗಿದ ಮೇಲೆ ಮೂರನೆಯದು ಸೇರಿಸಿ. ಬಣ್ಣದ ಹೆಸರನ್ನು ಅದೇ ದಿನ ಬೆರೆಸಬೇಡಿ. ‘ದೊಡ್ಡ ಕೆಂಪು’ ಎಂದಾಗ ಯಾವುದು ದೊಡ್ಡ, ಯಾವುದು ಕೆಂಪು ಎಂದು ಬೇರ್ಪಡಿಸುವುದು ಮಗುವಿಗೆ ಇಮ್ಮಡಿ ಕೆಲಸ.

ಇದೇ ಬಳೆಗಳನ್ನು ನೆಲದ ಮೇಲೆ ಉರುಳಿಸಿ ಆಡಬಹುದು, ಒಂದು ಮಾರು ದೂರದಲ್ಲಿ ತಾತ ಕಾಲು ಚಾಚಿ ಕೂತರಾಯಿತು. ಲೋಟದಡಿ ಬಚ್ಚಿಟ್ಟು ಹುಡುಕಿಸಬಹುದು. ನಾಲ್ಕು ವರ್ಷದ ಅಕ್ಕ ಬಳೆಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ ಸುತ್ತಿಸಿ ವೃತ್ತ ಬರೆಯುತ್ತಾಳೆ, ತಮ್ಮ ಆ ವೃತ್ತಕ್ಕೆ ಹೊಂದುವ ಬಳೆ ಹುಡುಕುತ್ತಾನೆ. ವಯಸ್ಸಿನ ಅಂತರವಿರುವ ಇಬ್ಬರು ಮಕ್ಕಳು ಜಗಳವಿಲ್ಲದೆ ಆಡಬಹುದಾದ ಆಟಗಳು ಕಡಿಮೆ, ಇದು ಅದರಲ್ಲೊಂದು.

ತಳ್ಳುವ ಗಾಡಿ, ಎಳೆಯುವ ಗಾಡಿ

ಈಗತಾನೇ ಹೆಜ್ಜೆ ಇಡುತ್ತಿರುವ ಮಗುವಿಗೆ ದಾರ ಕಟ್ಟಿದ ಗಾಡಿ ತಂದುಕೊಡುವವರೇ ಹೆಚ್ಚು. ಎಳೆಯಬೇಕೆಂದರೆ ಮುಂದೆ ನಡೆಯುತ್ತಾ ಹಿಂದೆ ತಿರುಗಿ ನೋಡಬೇಕು. ಒಂದೂವರೆ ವರ್ಷಕ್ಕೆ ಮೊದಲು ಅದು ಬರುವುದಿಲ್ಲ, ಮಗು ಬೀಳುತ್ತದೆ. ಕೋಲಿನ ತುದಿಯಲ್ಲಿ ಹಕ್ಕಿಯೋ ಚಿಟ್ಟೆಯೋ ಇರುವ, ಮುಂದಕ್ಕೆ ತಳ್ಳುವ ಗಾಡಿ ಮೊದಲು ತನ್ನಿ. ಕೋಲು ಮಗುವಿನ ಎದೆಮಟ್ಟ ಮೀರದಿರಲಿ, ಹಿಡಿಯ ತುದಿ ಗುಂಡಾಗಿರಲಿ.

ಇದರಲ್ಲಿ ಒಂದು ದೋಷ ಆಗಾಗ ಕಾಣುತ್ತದೆ. ಚಕ್ರಕ್ಕೆ ರಬ್ಬರ್ ಸುತ್ತಿಲ್ಲದಿದ್ದರೆ ನಮ್ಮ ಫ್ಲಾಟುಗಳ ನುಣುಪು ಟೈಲ್ಸಿನ ಮೇಲೆ ಚಕ್ರ ಉರುಳದೆ ಜಾರುತ್ತದೆ, ಚಕ್ರ ಉರುಳದಿದ್ದರೆ ಹಕ್ಕಿಯ ರೆಕ್ಕೆ ಬಡಿಯುವುದಿಲ್ಲ, ಮಗುವಿಗೆ ಬೇಸರ ಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಸೈಕಲ್ ಟ್ಯೂಬ್ ಕೇಳಿ, ಚಕ್ರದ ದಪ್ಪದಷ್ಟೇ ಅಗಲದ ಉಂಗುರ ಕತ್ತರಿಸಿ, ಸೋಪಿನಲ್ಲಿ ತೊಳೆದು, ಎಳೆದು ತೊಡಿಸಿ. ಬಿಗಿಯಾಗಿ ಕೂರಬೇಕು, ಬೆರಳಿನಿಂದ ಜಾರಿಸಿದರೆ ಬರುವಂತಿದ್ದರೆ ಬೇಡ, ಬಾಯಿಗೆ ಹೋಗುತ್ತದೆ. ಕೆಳಗಿನ ಮನೆಯವರಿಗೆ ಸದ್ದೂ ಕಡಿಮೆ.

ಎಳೆಯುವ ಗಾಡಿಯ ದಾರ ಉದ್ದವಿದ್ದಷ್ಟೂ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ಒಂದೂವರೆ ವರ್ಷದೊಳಗಿನ ಮಗುವಿನ ಕೈಗೆ 22 ಸೆಂ.ಮೀ. ಮೀರಿದ ದಾರ ಕೊಡಬಾರದು. ಅಷ್ಟು ಗಿಡ್ಡ ದಾರದಲ್ಲಿ ಎಳೆಯಲು ಆಗುವುದೂ ಇಲ್ಲ. ಹಾಗಾಗಿ ಈ ಗಾಡಿ ಆಮೇಲೆಯೇ, ಅದೂ ದೊಡ್ಡವರು ಪಕ್ಕದಲ್ಲಿರುವಾಗ. ದಾರದ ತುದಿಯಲ್ಲಿ ಮಣಿ ಇದ್ದರೆ ಬಿಚ್ಚಿಬಿಡಿ, ಅದು ಎಲ್ಲಾದರೂ ಸಿಕ್ಕಿಕೊಂಡು ಕುಣಿಕೆಯಾಗುತ್ತದೆ.

ಮಣಿ ಚೌಕಟ್ಟು ಮತ್ತು ಬುಗುರಿ

ಹತ್ತು ಸಾಲು, ಸಾಲಿಗೆ ಹತ್ತು ಮಣಿ, ಒಟ್ಟು ನೂರು. ಸಾಲಿನ ಹತ್ತೂ ಮಣಿ ಒಂದೇ ಬಣ್ಣದ್ದಾದರೆ ನೋಡಲು ಚೆಂದ, ಕಲಿಯಲು ಅಲ್ಲ. ಐದು ಒಂದು ಬಣ್ಣ, ಮಿಕ್ಕ ಐದು ಇನ್ನೊಂದು ಬಣ್ಣ ಇರುವುದನ್ನು ಹುಡುಕಿ. ಏಳು ಎಂದರೆ ಒಂದು ಕೈ ತುಂಬ, ಮೇಲೆ ಎರಡು ಎಂದು ಎಣಿಸದೆಯೇ ಕಣ್ಣಿಗೆ ಬೀಳುತ್ತದೆ. ಸರಳು ಮರದ್ದಾಗಿದ್ದರೆ ಜುಲೈ-ಆಗಸ್ಟ್ ತೇವಕ್ಕೆ ಉಬ್ಬಿ ಮಣಿ ಓಡುವುದಿಲ್ಲ. ಉಕ್ಕಿನ ಸರಳು ಒಳ್ಳೆಯದು, ತೆಳು ತಂತಿಯಾದರೆ ಬಗ್ಗುತ್ತದೆ. ಚೌಕಟ್ಟು ಚಪ್ಪಟೆ ಪಟ್ಟಿಯದಾದ್ದರಿಂದ ಪೇಂಟು ಅಥವಾ ಬರಿ ಮರ ಇರುತ್ತದೆ. ಬರಿ ಮರ ಸಿಕ್ಕರೆ ಅದನ್ನೇ ತನ್ನಿ.

ನಾಲ್ಕು ವರ್ಷದ ಮಗುವಿನ ಜೊತೆ ಆಡಲು: ಮೊದಲ ಸಾಲಿನ ಹತ್ತು ಮಣಿ ಮಾತ್ರ, ಉಳಿದದ್ದಕ್ಕೆ ಟವೆಲು ಮುಚ್ಚಿ. ತಾತ ಅಂಗೈ ಅಡ್ಡ ಹಿಡಿದು ಮೂರು ಮಣಿ ಮರೆಮಾಡಿ ‘ಎಷ್ಟು ಕದ್ದೆ ಹೇಳು?’ ಎಂದು ಕೇಳಬೇಕು. ಕಾಣುವ ಏಳನ್ನು ನೋಡಿ ಕಾಣದ ಮೂರನ್ನು ಹೇಳುವುದು ಮುಂದೆ ಕೂಡಿ ಕಳೆಯುವ ಲೆಕ್ಕದ ಬುನಾದಿ. ಆಮೇಲೆ ಮಗು ಕದಿಯಲಿ, ತಾತ ಹೇಳಲಿ. ತಾತ ಆಗಾಗ ಬೇಕೆಂದೇ ತಪ್ಪು ಹೇಳಬೇಕು, ಆಗ ಮಗು ತಾನಾಗಿ ಎಣಿಸಿ ತೋರಿಸುತ್ತದೆ. ನೂರರವರೆಗೆ ಗಿಣಿಪಾಠ ಒಪ್ಪಿಸುವುದಕ್ಕಿಂತ ಹತ್ತರೊಳಗೆ ಹೀಗೆ ಹಿಂದೆ ಮುಂದೆ ಓಡಾಡುವುದು ಎಷ್ಟೋ ಮೇಲು.

ಬೆರಳಿನಿಂದ ತಿರುಗಿಸುವ ಪುಟ್ಟ ಬುಗುರಿ ಮೂರೂವರೆ ವರ್ಷದ ಮೇಲೆ. ಚಾಟಿ ಸುತ್ತಿ ಎಸೆಯುವ, ಮೊಳೆ ಇರುವ ಬುಗುರಿ ಈ ವಯಸ್ಸಿಗೆ ಅಲ್ಲವೇ ಅಲ್ಲ. ಅಂಗಡಿಯಲ್ಲೇ ತಿರುಗಿಸಿ ನೋಡಿ. ಶುರುವಿನಲ್ಲೇ ಓಲಾಡಿದರೆ ತೂಕ ನಡುವಿಗಿಲ್ಲ. ಮನೆಯಲ್ಲಿ ಅಂಚಿರುವ ಸ್ಟೀಲ್ ಊಟದ ತಟ್ಟೆಯೊಳಗೆ ಬಿಡಿಸಿ, ಸೋಫಾದಡಿ ಓಡುವುದಿಲ್ಲ. ನಿಲ್ಲುವವರೆಗೆ ಮನೆಯವರೆಲ್ಲ ಸೇರಿ ಒಂದು, ಎರಡು, ಮೂರು ಎಂದು ಒಂದೇ ಲಯದಲ್ಲಿ ಎಣಿಸಬೇಕು. ಪೆನ್ಸಿಲ್ ಹಿಡಿಯುವ ಮೂರು ಬೆರಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ನಾಲ್ಕರ ಮಗುವಿಗೆ ಗೆರೆ ತಿದ್ದಿಸಲು ಕೂರಿಸುವ ಮೊದಲು ಬುಗುರಿ ಆಡಿಸಿ.

ಅಳಗುಳಿ ಮಣೆ

ಇಡೀ ಮನೆ ಸೇರಿ ಆಡುವ ವಿಷಯಕ್ಕೆ ಬಂದರೆ ಇದಕ್ಕೆ ಸಾಟಿಯಿಲ್ಲ. ಕಡೆದು ಗುಳಿ ತೋಡಿದ ಮಣೆ, ಎರಡು ಸಾಲು, ಸಾಲಿಗೆ ಏಳು ಗುಳಿ. ಮಡಚುವ ಮಣೆ ಮನೆಯಲ್ಲಿಡಲು ಅನುಕೂಲ, ಆದರೆ ನಡುವಿನ ಕೀಲು ಸಡಿಲವಾದರೆ ಮಣೆ ಅಲುಗಿ ಕಾಯಿಗಳು ಚೆಲ್ಲುತ್ತವೆ. ಗುಳಿಯ ಬಾಯಿಯ ಅಗಲ 5 ಸೆಂ.ಮೀ.ಗೆ ಕಡಿಮೆಯಿದ್ದರೆ ತಾತನ ಬೆರಳು ಇಳಿಯುವುದಿಲ್ಲ. ಒಳಗೆ ಬೆರಳಾಡಿಸಿ, ತಳ ನುಣುಪಾಗಿರಬೇಕು.

ಕಾಯಿಯ ವಿಷಯದಲ್ಲಿ ಎಚ್ಚರ ಬೇಕು. ಕೆಂಪು ಮೈ, ಕಪ್ಪು ಚುಕ್ಕೆಯ ಗುಲಗಂಜಿಯನ್ನು ಹಿಂದಿನಿಂದಲೂ ಈ ಮಣೆಗೆ ಬಳಸುತ್ತಾ ಬಂದಿದ್ದಾರೆ, ಕೆಲವು ಕಡೆ ಮಣೆಯ ಜೊತೆಗೆ ಪೊಟ್ಟಣ ಕಟ್ಟಿಯೂ ಕೊಡುತ್ತಾರೆ. ಗುಲಗಂಜಿ ಘೋರ ವಿಷ. ಅದರ ಗಟ್ಟಿ ಸಿಪ್ಪೆ ಒಡೆದು ಅಥವಾ ಅಗಿದು ಒಳಗಿನದ್ದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಒಂದು ಕಾಳೂ ಇರಕೂಡದು. ಹುಣಸೆ ಬೀಜ ತೊಳೆದು ಒಣಗಿಸಿ ಬಳಸಿ, ಅಥವಾ ಕವಡೆ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಹುಣಸೆ ಬೀಜವೂ ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗುತ್ತದೆ. ಅವರು ಮಲಗಿದ ಮೇಲೆ ಆಡಿ, ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿ. ಗುಳಿಗೆ ನಾಲ್ಕರಂತೆ 14 ಗುಳಿಗೆ 56. ಎಣಿಸಿ ತುಂಬುವುದನ್ನೇ ಮಗುವಿನ ಕೆಲಸ ಮಾಡಿ.

ನಾಲ್ಕು ವರ್ಷದ ಮಗುವಿಗೆ ಆಟದ ನಿಯಮ ಬೇಡ, ಹಂಚುವುದಷ್ಟೇ ಸಾಕು. ಒಂದು ಹಿಡಿ ಕಾಯಿ ಕೊಟ್ಟು ಗುಳಿಗೊಂದು ಹಾಕುತ್ತಾ ಹೋಗಲು ಹೇಳಿ. ಒಂದೇ ಗುಳಿಗೆ ಎರಡು ಹಾಕುತ್ತದೆ, ಒಂದು ಗುಳಿ ಹಾರುತ್ತದೆ. ‘ಒಂದು ಗುಳಿ, ಒಂದು ಕಾಯಿ’ ಎಂದು ಹೇಳುತ್ತಾ ನಿಮ್ಮ ಬೆರಳನ್ನು ಮುಂದಿನ ಗುಳಿಯ ಮೇಲಿಡಿ. ಬಾಯಲ್ಲಿ ಎಣಿಸುವ ಎಣಿಕೆ ಮತ್ತು ಕೈಗೆ ಸಿಗುವ ವಸ್ತು ಒಂದಕ್ಕೊಂದು ತಾಳೆಯಾಗುವುದು ಇಲ್ಲೇ.

ಐದಾದ ಮೇಲೆ ಪೂರ್ತಿ ಆಟ. ಮಣೆಯಲ್ಲಿ ಬಗೆಬಗೆಯ ಆಟಗಳಿವೆ, ಊರಿಗೊಂದು ನಿಯಮ. ಶುರುವಿಗೆ ಇದು ಸುಲಭ. ಪ್ರತಿ ಗುಳಿಗೆ ನಾಲ್ಕು ಕಾಯಿ. ತನ್ನ ಸಾಲಿನ ಒಂದು ಗುಳಿಯ ಕಾಯಿಗಳನ್ನೆಲ್ಲ ಎತ್ತಿ ಬಲಕ್ಕೆ ಒಂದೊಂದಾಗಿ ಹಂಚುತ್ತಾ ಎದುರು ಸಾಲಿಗೂ ಸುತ್ತಿ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯ ಕಾಯಿ ಎತ್ತಿ ಹಂಚಿಕೆ ಮುಂದುವರಿಸಬೇಕು. ಮುಂದಿನ ಗುಳಿ ಬರಿದಾಗಿದ್ದರೆ ಅದನ್ನು ಬೆರಳಿನಿಂದ ಸವರಿ, ಅದರಾಚೆಯ ಗುಳಿಯಲ್ಲಿ ಇದ್ದಷ್ಟನ್ನೂ ತನ್ನದಾಗಿಸಿಕೊಳ್ಳಬೇಕು. ಅಲ್ಲಿಗೆ ಸರದಿ ಮುಗಿಯಿತು. ಎರಡು ಗುಳಿ ಒಟ್ಟಿಗೆ ಬರಿದಾಗಿದ್ದರೆ ಏನೂ ಸಿಗುವುದಿಲ್ಲ. ಮಗು ಸೋತು ಅಳುವ ವಯಸ್ಸಾದರೆ ಮಗುವೂ ಅಜ್ಜಿಯೂ ಒಂದು ಕಡೆ, ಅಪ್ಪ ಇನ್ನೊಂದು ಕಡೆ ಕೂರಲಿ. ಯಾವ ಗುಳಿ ಎತ್ತಬೇಕೆಂದು ಅಜ್ಜಿ ಮೊಮ್ಮಗುವನ್ನು ಕೇಳಬೇಕು. ‘ಇದನ್ನೆತ್ತಿದರೆ ಕೊನೇ ಕಾಯಿ ಎಲ್ಲಿ ಬೀಳತ್ತೆ?’ ಎಂದು ಮುಂದಾಲೋಚನೆ ಮಾಡಿಸಬೇಕು. ಅಜ್ಜಿಯರಲ್ಲಿ ಹೆಚ್ಚಿನವರಿಗೆ ಈ ಆಟ ಮೊದಲೇ ಬರುತ್ತದೆ. ಮೊಬೈಲಿನ ವಿಷಯಕ್ಕೆ ಮೊಮ್ಮಕ್ಕಳನ್ನೇ ಕೇಳಬೇಕಾದ ಮನೆಯಲ್ಲಿ, ಇಲ್ಲಿ ಅವರೇ ಗುರು. ಆ ಒಂದು ಕಾರಣಕ್ಕೇ ಮನೆಯವರೆಲ್ಲ ಸೇರಿ ಆಡುವ ಆಟಗಳಲ್ಲಿ ನಾವು ಈ ಮಣೆಯನ್ನು ಎಲ್ಲಕ್ಕಿಂತ ಮೇಲಿಡುತ್ತೇವೆ.

ಕವಡೆ ಹೇಗೂ ತಂದಿರುತ್ತೀರಿ. ನಾಲ್ಕು ಕವಡೆ ಎತ್ತಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೈದು ಮನೆ ಬರೆದರೆ ಚೌಕಾಬಾರ ಸಿದ್ಧ, ಖರ್ಚಿಲ್ಲ. ಹೊರಸುತ್ತು 16 ಮನೆ, ಒಳಸುತ್ತು 8, ನಡುವೆ ಒಂದು. ಕಾಯಿ ತನ್ನ ಕಟ್ಟೆಯಿಂದ (ಶುರುವಿನ ಮನೆಯಿಂದ) ನಡುವಿನ ಮನೆ ಸೇರಿ ಹಣ್ಣಾಗುವವರೆಗೆ 24 ಹೆಜ್ಜೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು ಹೆಜ್ಜೆ; ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು ಹೆಜ್ಜೆ; ಎರಡಕ್ಕೂ ಇನ್ನೊಂದು ಸಲ ಹಾಕಲು ಅವಕಾಶ. ಐದು ವರ್ಷದವರಿಗೆ ಒಬ್ಬೊಬ್ಬರಿಗೆ ಒಂದೇ ಕಾಯಿ, ಎದುರಾಳಿಯ ಕಾಯಿ ಹೊಡೆಯುವುದು ಬೇಡ. ನಾಲ್ಕು ಕಾಯಿ, ಹೊಡೆತ ಎಲ್ಲ ಆಮೇಲೆ.

ಬೇಡವೆನ್ನುವವು

ಅಡುಗೆ ಸೆಟ್ಟಿನ ಪುಟ್ಟ ಮುಚ್ಚಳ, ಸೌಟು, ಒರಳಿನ ಗುಂಡು ಎಲ್ಲವೂ ಕೊಳವೆ ಪರೀಕ್ಷೆಯಲ್ಲಿ ಸೋಲುತ್ತವೆ. ಮೂರಾದ ಮೇಲೆ ಮಾತ್ರ ಸೊಗಸಾದ ಆಟಿಕೆ. ಮರದ ಪಾತ್ರೆಗೆ ನೀರು ಹಾಕಬೇಡಿ, ಕಡಲೆಪುರಿ ಹಾಕಿ. ಚಮಚದಿಂದ ತೋಡಿ ಬಡಿಸಿದ್ದನ್ನು ಮನೆಯವರು ತಿನ್ನಲೂಬಹುದು.

ಕನ್ನಡ ಅಕ್ಷರದ ಹಲಗೆಯ ಮೇಲೆ ನಮಗೆ ತುಂಬ ಆಸೆಯಿತ್ತು. ಸಿಗುವವುಗಳಲ್ಲಿ ಹೆಚ್ಚಿನವು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಯ ಮೇಲೆ ಪೇಂಟು. ದ-ಧ, ಬ-ಭ, ಪ-ಫ ಜೋಡಿಗಳಲ್ಲಿ ವ್ಯತ್ಯಾಸವಿರುವುದೇ ಕೆಳಗಿನ ಒಂದು ಸೀಳಿನಲ್ಲಿ. ದಪ್ಪ ಪೇಂಟು ಅದನ್ನೇ ತುಂಬಿಬಿಡುತ್ತದೆ. ಕೊಯ್ದ ಅಕ್ಷರದ ತುದಿಗಳು ತೆಳುವಾಗಿದ್ದು ಮುರಿಯುತ್ತವೆ. 49 ಅಕ್ಷರಗಳಷ್ಟೇ ಇರುವುದರಿಂದ ಕಾಗುಣಿತಕ್ಕೂ ಒತ್ತಕ್ಷರಕ್ಕೂ ದಾರಿಯಿಲ್ಲ, ‘ಅಮ್ಮ’ ಎಂದು ಕೂಡ ಜೋಡಿಸಲಾಗದು. ರಟ್ಟಿನ ಚೀಟಿಯ ಮೇಲೆ ನೀವೇ ದಪ್ಪಗೆ ಬರೆದು, ಸ್ಕೆಚ್ ಪೆನ್ನಿನ ಗೆರೆಯ ಮೇಲೆ ಅಂಟು ಹಚ್ಚಿ ರವೆ ಉದುರಿಸಿದರೆ ಬೆರಳಾಡಿಸಲು ಒರಟು ಅಕ್ಷರ ಸಿಗುತ್ತದೆ. ಮಗುವಿನ ಹೆಸರಿನ ಅಕ್ಷರಗಳಿಂದ ಶುರುಮಾಡಿ.

ರಾಜ ರಾಣಿ, ವಾದ್ಯದವರ ಮೇಳ, ಮದುವೆ ದಿಬ್ಬಣ, ಇವೆಲ್ಲ ದಸರಾ ಬೊಂಬೆ ಕೂರಿಸಲು ಇರುವಂಥವು. ಮೆಟ್ಟಿಲ ಮೇಲೆ ಜೋಡಿಸುವಾಗ ಮಗು ಕೈಜೋಡಿಸಲಿ, ಕಥೆ ಹೇಳಲಿ, ಬಾಯಿಗೆ ಮಾತ್ರ ಬೇಡ.

ಎಲ್ಲಿ ಕೊಳ್ಳುವುದು

ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಯಲ್ಲಿ ವಿಶ್ವಾಸದಿಂದ ಕೊಳ್ಳಬಹುದು, ಚೌಕಾಸಿಗೆ ಅವಕಾಶವಿಲ್ಲ. ಆಯ್ಕೆ ಹೆಚ್ಚು ಬೇಕೆಂದರೆ ಚನ್ನಪಟ್ಟಣಕ್ಕೇ ಹೋಗಿ, ಬೆಂಗಳೂರಿನಿಂದ ಸುಮಾರು 60 ಕಿ.ಮೀ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋಗುತ್ತದೆ, ಅಂಗಡಿ ಸಾಲು ಇರುವುದು ಹಳೆಯ ರಸ್ತೆಯಲ್ಲಿ. ರೈಲಿನಲ್ಲಿ ಹೋದರೆ ಆ ಗೊಂದಲವಿಲ್ಲ. ಅಲ್ಲಿ ಕಾರ್ಯಾಗಾರಕ್ಕೆ ಮಕ್ಕಳನ್ನು ಕರೆದೊಯ್ದು ಅರಗು ಹಚ್ಚುವುದನ್ನು ತೋರಿಸಿ, ತಿರುಗುವ ಲೇತಿನಿಂದ ದೂರ ನಿಲ್ಲಿಸಿ. ಜಾತ್ರೆ, ಪರಿಷೆಗಳಲ್ಲಿ ‘ಚನ್ನಪಟ್ಟಣದ್ದು’ ಎಂದು ಮಾರುವುದರಲ್ಲಿ ಪೇಂಟಿನ ಸಾಮಾನೂ ಬೆರೆತಿರುತ್ತದೆ, ಕರವಸ್ತ್ರದ ಪರೀಕ್ಷೆ ಅಲ್ಲಿಯೂ ನಡೆಯುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಚಿತ್ರದಿಂದ ಗಾತ್ರ ತಿಳಿಯುವುದಿಲ್ಲ. ಅತಿ ಚಿಕ್ಕ ಭಾಗದ ಅಳತೆ ಸೆಂ.ಮೀ.ನಲ್ಲಿ ಕೊಡದಿದ್ದರೆ ಬಿಟ್ಟುಬಿಡಿ.

ಮನೆಗೆ ತಂದ ಮೇಲೆ

ಸ್ಯಾನಿಟೈಸರ್ ಹಾಕಿ ಒರೆಸಬೇಡಿ. ಅದರಲ್ಲಿರುವ ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಆಟಿಕೆ ಅಂಟಂಟಾಗಿ ಬಣ್ಣ ಮಗುವಿನ ಕೈಗೆ ಹತ್ತುತ್ತದೆ. ಸೋಡಾ ಬೆರೆತ ಪುಡಿಯಲ್ಲಿ ನೆನೆಸಿಟ್ಟರೂ ಇದೇ ಗತಿ. ಬಿಸಿನೀರಿನಲ್ಲಿ ಅದ್ದಿದರೆ ಅರಗು ಮೆತ್ತಗಾಗುತ್ತದೆ, ಬಹಳ ಹೊತ್ತು ನೀರಿನಲ್ಲಿಟ್ಟರೆ ಬಿಳಿ ಮಬ್ಬು ಕೂರುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ ಒಣ ಬಟ್ಟೆಯಿಂದ ಒರೆಸಿ. ಅಷ್ಟೇ ಸಾಕು. ಬಾಲ್ಕನಿಯ ಬಿಸಿಲಿನಲ್ಲಿ ಬಿಡಬೇಡಿ, ಅರಿಶಿನದ ಹಳದಿ ಎಲ್ಲಕ್ಕಿಂತ ಮೊದಲು ಮಾಸುತ್ತದೆ.

ಎಲ್ಲವನ್ನೂ ಒಟ್ಟಿಗೆ ಹರಡಿದರೆ ಮಗು ಒಂದರಲ್ಲೂ ನಿಲ್ಲುವುದಿಲ್ಲ. ಎರಡು ಮೂರು ಕೆಳಗಿರಲಿ, ಉಳಿದದ್ದು ಸಜ್ಜೆಯ ಮೇಲೆ ಬುಟ್ಟಿಯಲ್ಲಿ, ವಾರಕ್ಕೊಮ್ಮೆ ಅದಲು ಬದಲು. ಟೈಲ್ಸಿನ ಮೇಲೆ ಬಿದ್ದರೆ ಅರಗಿನ ಚಕ್ಕೆ ಏಳುತ್ತದೆ, ಕೆಳಗೆ ಜಮಖಾನ ಹಾಸಿ. ಚಕ್ಕೆ ಎದ್ದ ಅಂಚು ಚೂಪಾಗಿದ್ದರೆ 220 ನಂಬರಿನ ಮರಳು ಕಾಗದದಿಂದ ನಯವಾಗಿ ಉಜ್ಜಿ, ಪುಡಿಯನ್ನು ಒರೆಸಿ ತೆಗೆದು ಕೊಡಿ. ಬರಿ ಮರ ಕಂಡರೆ ತೊಂದರೆಯಿಲ್ಲ. ಮಾರ್ಚ್-ಏಪ್ರಿಲ್ ಒಣಹವೆಗೆ ಗೂಟಗಳು ಸಡಿಲವಾಗುವುದುಂಟು, ಆ ತಿಂಗಳಲ್ಲಿ ಚಕ್ರಗಳನ್ನು ಮತ್ತೊಮ್ಮೆ ಜಗ್ಗಿ ನೋಡಿ. ರಿಂಗ್ ಸೆಟ್ಟಿನ ಒಂದು ಬಳೆ ಕಳೆದುಹೋದರೆ ಸೆಟ್ಟನ್ನು ಎಸೆಯಬೇಡಿ. ಅದರ ಮೇಲಿನ ಬಳೆ, ಕೆಳಗಿನ ಬಳೆ ಎರಡನ್ನೂ ಚನ್ನಪಟ್ಟಣದ ಯಾವುದಾದರೂ ಕಾರ್ಯಾಗಾರಕ್ಕೆ ಒಯ್ದು, ನಡುವಿನ ಅಳತೆಯದೊಂದು ತಿರುಗಿಸಿಕೊಡುತ್ತಾರೆಯೇ ಕೇಳಿ.